ಪಟ್ಟಿ ಬಿಚ್ಚಿದ ಮೇಲೆ

“ಪಟ್ಟಿ ಬಿಚ್ಚಿದ್ರೇನ್ರೀ ಅಕ್ಕ, ಈಗ ಛಲೋ ಕಾಣ್ತದೇನು?” ಎಂದು ರಾಯಚೂರಿನ ನಮ್ಮ ಓಣಿಯಲ್ಲಿ ಕೇಳದವರಿಲ್ಲ. ಕೇಳಿದವರಲ್ಲಿ ಹೆಚ್ಚಿನವರ ಮನೆಯಲ್ಲಿ ಯಾರಾದರೊಬ್ಬರು ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ತೆಗೆಸಿಕೊಂಡು ಒಂದೆರಡು ದಿನಗಳಲ್ಲೇ ಸ್ಪಷ್ಟವಾಗಿ ಕಂಡವರಿದ್ದಾರೆ. ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರದ ಶಸ್ತ್ರಚಿಕಿತ್ಸೆಯ ಚೇತರಿಕೆ ಹಾಗಿರುವುದಿಲ್ಲವೆಂದು ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ನಾನು ಮೊದಲ ವಾರ ಅಷ್ಟು ಅಳುತ್ತಿರಲಿಲ್ಲ.

ಯುಗಾದಿಗೆ ಮುಂಚೆ ನನ್ನ ಬಲಗಣ್ಣಿನ ಅಂಚಿನಲ್ಲಿ ಮಿಂಚು ಹೊಳೆದಂತಾಗಿ ಕಪ್ಪು ಚುಕ್ಕಿಗಳು ತೇಲತೊಡಗಿದವು. ಬಿಸಿಲಿನ ಆಯಾಸವೆಂದು ನಾಲ್ಕು ದಿನ ಸುಮ್ಮನಿದ್ದೆ, ಹಾಗೆ ಇರಬಾರದಿತ್ತು. ಐದನೆಯ ದಿನ ಪಕ್ಕದಿಂದ ಸರಿದು ಬಂದ ಕಪ್ಪು ಪರದೆ ಎದುರಿಗಿದ್ದವರ ಮುಖವನ್ನೇ ಮುಚ್ಚಿತು. ರೆಟಿನಾ ಹರಿದು ಕಳಚಿತ್ತು. ಹೈದರಾಬಾದಿನಲ್ಲಿ ಕಣ್ಣಿನೊಳಗಿನ ಲೋಳೆಯಂಥ ದ್ರವವನ್ನು ತೆಗೆದು, ಹರಿದ ಜಾಗದ ಸುತ್ತ ಲೇಸರ್ ಹಾಕಿ, ಒಳಗೆ ಗ್ಯಾಸ್ ತುಂಬಿದರು.

ಲೇಸರ್ ಹಾಕಿದ ಜಾಗ ಗಟ್ಟಿಯಾಗಿ ಕೂಡಿಕೊಳ್ಳಲು ಹೆಚ್ಚುಕಡಿಮೆ ಎರಡು ವಾರ ಬೇಕು, ಅಲ್ಲಿಯವರೆಗೆ ಕಳಚಿದ ರೆಟಿನಾವನ್ನು ಒತ್ತಿ ಹಿಡಿಯುವುದು ಆ ಗ್ಯಾಸಿನ ಗುಳ್ಳೆ. ಗುಳ್ಳೆ ಯಾವಾಗಲೂ ಮೇಲಕ್ಕೇರುವುದರಿಂದ, ಕಣ್ಣಿನ ಹಿಂಭಾಗಕ್ಕೆ ಅದು ತಾಗಬೇಕಾದರೆ ಮುಖ ನೆಲದ ಕಡೆಗಿರಬೇಕು. ನನಗೆ ಹೇಳಿದ್ದು ಐದು ದಿನ, ಗಂಟೆಗೆ 50 ನಿಮಿಷ. ಹರಿದದ್ದು ಎಲ್ಲಿ ಎಂಬುದರ ಮೇಲೆ ಈ ಲೆಕ್ಕ ಬೇರೆಯಾಗುತ್ತದೆ, ಕೆಲವರಿಗೆ ಒಂದು ಮಗ್ಗುಲಾಗಿ ಮಲಗಿದರೆ ಸಾಕು. ಹಗಲು ಮೇಜಿನ ಮೇಲೆ ದಿಂಬಿಟ್ಟು ಹಣೆ ಊರಿ ಕುಳಿತೆ. ರಾತ್ರಿ ಎದೆಯ ಕೆಳಗೆ ಮಡಚಿದ ಕೌದಿ ಹಾಕಿಕೊಂಡು ಬೋರಲು ಮಲಗಿದೆ. ಕಣ್ಣು ಮರಳು ಬಿದ್ದಂತೆ ಚುಚ್ಚುತ್ತಿತ್ತಾದರೂ ಕುತ್ತಿಗೆ ಮತ್ತು ಸೊಂಟ ನೊಂದಷ್ಟು ಅದು ನೋಯಲಿಲ್ಲ. ಕರೆಂಟು ಹೋದಾಗ ಬೆವರು ಕಣ್ಣಿಗಿಳಿಯದಂತೆ ಸೊಸೆ ಪಕ್ಕದಲ್ಲೇ ಕುಳಿತು ಹಣೆ ಒರೆಸುತ್ತಿದ್ದಳು. ಈ ಐದು ದಿನಗಳಿಗೆ ಒಬ್ಬರು ಜೊತೆಗಿರಲೇಬೇಕು.

ಗ್ಯಾಸ್ ತುಂಬಿರುವಷ್ಟು ದಿನ ಬೆಳಕು ಮತ್ತು ಕೈಯಾಡುವುದು ಬಿಟ್ಟರೆ ಏನೂ ಕಾಣುವುದಿಲ್ಲ, ಅದಕ್ಕೆ ಹೆದರಬಾರದು. ಕೆಲವು ದಿನಗಳ ನಂತರ ನೋಟದ ಮೇಲ್ಭಾಗದಲ್ಲಿ ತೆಳ್ಳನೆಯ ತಿಳಿ ಮೂಡಿ, ಅದರ ಕೆಳಗೆ ತಂಬಿಗೆಯ ನೀರಿನಂತೆ ಅಲುಗುವ ಗೆರೆಯೊಂದು ಕಂಡಿತು. ಗೆರೆ ದಿನದಿನಕ್ಕೂ ಇಳಿಯುತ್ತಾ ಹೋಗಿ, ಕೊನೆಗೆ ಗುಳ್ಳೆ ಬುಡದಲ್ಲಿ ಗೋಲಿಯಷ್ಟಾಗಿ, ಎಂಟನೆಯ ವಾರದಲ್ಲಿ ಕರಗಿತು. ಬೇರೆ ಬಗೆಯ ಗ್ಯಾಸ್ ಎರಡು ವಾರಗಳಲ್ಲೇ ಹೋಗುವುದುಂಟು. ಗ್ಯಾಸಿನ ಬದಲು ಸಿಲಿಕೋನ್ ಎಣ್ಣೆ ತುಂಬಿದ್ದರೆ ಅದು ತಾನಾಗಿ ಹೋಗುವುದಿಲ್ಲ, ಕೆಲವು ತಿಂಗಳ ನಂತರ ಇನ್ನೊಂದು ಶಸ್ತ್ರಚಿಕಿತ್ಸೆ ಮಾಡಿ ತೆಗೆಯುತ್ತಾರೆ.

ಅಕ್ಕನ ಮೊಮ್ಮಗನ ಮುಡಿ ಕೊಡಲು ಮನೆಯವರೆಲ್ಲ ತಿರುಮಲಕ್ಕೆ ಹೊರಟಾಗ ನಾನು ಹೋಗಲಿಲ್ಲ. ಎತ್ತರಕ್ಕೆ ಹೋದಂತೆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ವಿಮಾನವಂತೂ ಕೂಡದೇ ಕೂಡದು. ಬೇರೆ ಯಾವುದೇ ಚಿಕಿತ್ಸೆಗೆ ಅರಿವಳಿಕೆ ಕೊಡುವ ಮುನ್ನವೂ ಕಣ್ಣಲ್ಲಿ ಗ್ಯಾಸ್ ಇದೆಯೆಂದು ಹೇಳಲೇಬೇಕು, ಏಕೆಂದರೆ ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಅನಿಲ ಕೂಡ ಅದನ್ನು ಹಿಗ್ಗಿಸುತ್ತದೆ.

ಹನಿಗಳನ್ನು ಹೇಳಿದಷ್ಟು ದಿನ ಬಿಡದೆ ಹಾಕಿಕೊಳ್ಳಬೇಕು. ಕೊಡ ಎತ್ತುವಂತಿಲ್ಲ, ಯುಗಾದಿಯ ಎಣ್ಣೆಸ್ನಾನವೂ ನನಗೆ ಈ ವರ್ಷ ಇರಲಿಲ್ಲ. ನೋವು ಇಳಿಯುವ ಬದಲು ಏರಿದರೆ, ವಾಂತಿ ಬಂದರೆ, ಕಂಡದ್ದು ಮತ್ತೆ ಮಸುಕಾದರೆ, ಮಿಂಚು ಅಥವಾ ಪರದೆ ಮರಳಿದರೆ ಅಂದೇ ವೈದ್ಯರ ಬಳಿ ಹೋಗಬೇಕು.

ಈಗ ನಾಲ್ಕನೆಯ ತಿಂಗಳು. ಬಾಗಿಲ ಚೌಕಟ್ಟಿನ ನೇರ ಗೆರೆ ಬಲಗಣ್ಣಿಗೆ ಇನ್ನೂ ಸ್ವಲ್ಪ ಸೊಟ್ಟಗೇ ಕಾಣುತ್ತದೆ. ನೋಟದ ನಡುಬಿಂದುವೇ ಕಳಚಿದ್ದರಿಂದ ಅದು ಪೂರ್ತಿ ಸರಿಯಾಗದೆಯೂ ಇರಬಹುದು, ಆದರೆ ವರ್ಷದವರೆಗೂ ನಿಧಾನವಾಗಿ ಸುಧಾರಿಸುವುದುಂಟು ಎಂದು ವೈದ್ಯರು ಹೇಳಿದ್ದಾರೆ. 50 ದಾಟಿದವರಲ್ಲಿ ಹೆಚ್ಚಿನವರಿಗೆ ಈ ಶಸ್ತ್ರಚಿಕಿತ್ಸೆಯಾದ ಎರಡು ವರ್ಷಗಳೊಳಗೆ ಅದೇ ಕಣ್ಣಿಗೆ ಮೋತಿಬಿಂದು ಬರುತ್ತದೆಯಂತೆ. ಓಣಿಯವರು ಕೇಳುವ ಆ ಪಟ್ಟಿಯನ್ನು ಆಗ ನಾನೂ ಕಟ್ಟಿಸಿಕೊಳ್ಳುತ್ತೇನೆ.