ಅವ್ವನ ಕಿರುಬೆರಳು

ನಮ್ಮೂರು ಚನ್ನಗಿರಿ ಕಡೆ. ಅಡಿಕೆ ಸೀಸನ್ ಬಂತಂದ್ರೆ ಅವ್ವ ನಸುಕಿಗೇ ಮೆಟ್ಟುಗತ್ತಿ ಮುಂದೆ ಕೂರುತ್ತಾಳೆ. ಈಗ ಅವಳಿಗೆ 67. ಹಸಿ ಅಡಿಕೆ ಸುಲಿದು ಸುಲಿದು ಬೆರಳ ತುದಿಗಳೆಲ್ಲ ಕಪ್ಪಾಗಿ, ಗೆರೆ ಅನ್ನೋದೇ ಉಳಿದಿಲ್ಲ.

ಹೋದ ತಿಂಗಳು ರೇಷನ್ ತರಲು ನಾನೂ ಜೊತೆಗೆ ಹೋಗಿದ್ದೆ. ಹೆಬ್ಬೆಟ್ಟು ಇಟ್ಟಳು, ಮೆಷಿನ್ ಒಪ್ಪಲಿಲ್ಲ. ಸೆರಗಿಗೆ ಒರೆಸಿ ಇಟ್ಟಳು. ಎಣ್ಣೆ ಹತ್ತಲಿ ಅಂತ ತಲೆಗೂದಲಿಗೆ ಉಜ್ಜಿ ಮತ್ತೆ ಇಟ್ಟಳು. ಊಹೂಂ. ‘ಓಟಿಪಿ ಕಳಿಸ್ಲಾ?’ ಅಂದ ಅಂಗಡಿಯವನು. ಆಧಾರ್‌ಗೆ ಜೋಡಿಸಿದ ನಂಬರ್ ಬೆಂಗಳೂರಿನ ತಮ್ಮನದು. ಅವನು ಡ್ಯೂಟಿಯಲ್ಲಿದ್ದ, ಫೋನ್ ಎತ್ತಲಿಲ್ಲ.

ನನಗೆ ಸಿಟ್ಟು ಬಂದದ್ದು ಅಂಗಡಿಯವನ ಮೇಲಲ್ಲ. ಸರ್ಕಾರಕ್ಕೆ ನಮ್ಮವ್ವನ ಬಗ್ಗೆ ಗೊತ್ತಿಲ್ಲದ್ದು ಏನಿದೆ ಹೇಳಿ? ಪಹಣಿ ‘ಭೂಮಿ’ ಯೋಜನೆಯ ಕಂಪ್ಯೂಟರಿನಲ್ಲಿದೆ. ಮನೆಯಲ್ಲಿ ಯಾರಿದ್ದಾರೆ, ಎಷ್ಟು ವಯಸ್ಸು ಅನ್ನೋದೆಲ್ಲ ‘ಕುಟುಂಬ’ ತಂತ್ರಾಂಶದಲ್ಲಿದೆ. ಸಂಧ್ಯಾ ಸುರಕ್ಷಾ 1,200, ಗೃಹಲಕ್ಷ್ಮಿ 2,000 ಅವಳ ಖಾತೆಗೇ ಬೀಳುತ್ತೆ. 2012ರಲ್ಲಿ, ಸರ್ಕಾರಿ ಕೆಲಸ ಗಡುವಿನೊಳಗೇ ಮಾಡಿಕೊಡೋ ‘ಸಕಾಲ’ ಬಂದಾಗ ನಾನು ಖುಷಿಪಟ್ಟವನೇ. ಅರ್ಜಿಗೊಂದು 15 ಅಂಕಿಯ ನಂಬರ್, ತಡವಾದ್ರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಸುಮ್ನೆ ಮಾತಲ್ಲ, ಕಾಯ್ದೆ. ಆದ್ರೆ ಇಷ್ಟೆಲ್ಲಾ ಕಾಲಂಗಳ ನಡುವೆ ‘ಇವರು ಅಡಿಕೆ ಸುಲಿಯೋರು, ಬೆರಳಚ್ಚು ಬರಲ್ಲ, ಕಣ್ಣು ತೋರಿಸಲಿ’ ಅಂತ ಬರೆಯೋಕೆ ಒಂದು ಗೆರೆ ಜಾಗ ಇಲ್ವಾ? ಪ್ರತಿ ತಿಂಗಳೂ ಮೆಷಿನ್ನಿಗೆ ಅವಳು ಹೊಸಬಳೇ. ಅಜ್ಜಿಗೆ ಪಿಂಚಣಿ ಮನಿಯಾರ್ಡರಲ್ಲಿ ಬರ್ತಿದ್ದಾಗ ಪೋಸ್ಟಿನವನು ಅವಳು ಹೊಲದಿಂದ ಬರೋ ಹೊತ್ತು ನೋಡ್ಕೊಂಡೇ ಸೈಕಲ್ ತಿರುಗಿಸ್ತಿದ್ದ. ಹಾಗಂತ ಆ ಕಾಲವೇ ಚೆಂದ ಅನ್ನಲ್ಲ, ಹತ್ತಿಪ್ಪತ್ತು ರೂಪಾಯಿ ‘ಚಾ ಖರ್ಚಿಗೆ’ ಅಂತ ಮುರ್ಕೊಳ್ತಿದ್ದ.

ಅವತ್ತು ಅಂಗಡಿಯವನೇ ದಾರಿ ಹುಡುಕಿದ. ‘ತಡಿ ಅವ್ವ, ಎಲ್ಲಾ ಬೆರಳೂ ನೋಡಾಣ’ ಅಂತ ಒಂದೊಂದಾಗಿ ಇಡಿಸಿದ. ಒಂಬತ್ತು ಆಯ್ತು. ಕೊನೆಗೆ ಎಡಗೈ ಕಿರುಬೆರಳು ಇಟ್ಟ ಕೂಡಲೇ ಮೆಷಿನ್ ಕುಂಯ್ ಅಂತು. ಸುಲಿಯುವಾಗ ಅಡಿಕೆಗೆ ತಾಕೋದು ಕಡಿಮೆ, ಅದಕ್ಕೇ ಉಳ್ಕೊಂಡಿತ್ತು. ಅವನು ಕಿವಿಯಲ್ಲಿದ್ದ ಪೆನ್ನು ತೆಗೆದು ರೇಷನ್ ಕಾರ್ಡಿನ ಹಿಂದೆ ‘ಎಡ, ಕಿರು’ ಅಂತ ಬರೆದುಕೊಟ್ಟ.

ಈಗ ಅವ್ವ ಅಡಿಕೆ ಸುಲಿಯೋಕೆ ಕೂರೋ ಮುಂಚೆ ಆ ಬೆರಳಿಗೊಂದು ಹಳೇ ಬಟ್ಟೆ ಚೂರು ಸುತ್ತಿಕೊಳ್ತಾಳೆ.