ಪರದೆಯ ಕೆಳಗಿನ ಎರಡು ಸಾಲು

ಊರಹಬ್ಬಗಳಲ್ಲಿ ಸಾಕ್ಷ್ಯಚಿತ್ರ ತೋರಿಸುವುದು ಒಂಬತ್ತು ವರ್ಷಗಳಿಂದ ನನ್ನ ಕೆಲಸ. ಪ್ರೊಜೆಕ್ಟರ್, ಮಡಚುವ ಪರದೆ, ಎರಡು ಸ್ಪೀಕರ್, ವಯರಿನ ಸುರುಳಿಗಳನ್ನು ಓಮ್ನಿಯಲ್ಲಿ ತುಂಬಿಕೊಂಡು ಶಿವಮೊಗ್ಗ, ಉತ್ತರ ಕನ್ನಡದ ಊರುಗಳನ್ನು ಸುತ್ತುತ್ತೇನೆ. ಈ ಕೆಲಸ ಏನೆಂದು ನನಗೆ ನಿಜವಾಗಿ ತಿಳಿದದ್ದು ಸಾಗರ ಸೀಮೆಯ ಒಂದು ಹಳ್ಳಿಯ ಹಬ್ಬದಲ್ಲಿ.

ಫೆಬ್ರವರಿ ತಿಂಗಳು. ಶಾಲೆಯ ಮೈದಾನದಲ್ಲಿ ಜಮಖಾನ ಹಾಸಿದ್ದೆವು. ಆ ದಿನಗಳಲ್ಲಿ ಸೂರ್ಯ ಮುಳುಗುವುದೇ ಆರೂವರೆಗೆ. ಏಳಕ್ಕಿಂತ ಮೊದಲು ಶುರು ಮಾಡಿದರೆ ಪರದೆಯ ಮೇಲೆ ಎಲ್ಲವೂ ಬೂದಿ ಬಳಿದಂತೆ ಕಾಣುತ್ತದೆ. ಹಾಗಾಗಿ ಕತ್ತಲಾಗುವವರೆಗೆ ಕಾದು ಚಿತ್ರ ಹಾಕಿದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಪ್ರತಿವರ್ಷ ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳ ಚಿತ್ರ ಅದು. ದಸರೆ, ದೀಪಾವಳಿ ಕಳೆದ ಮೇಲೆ ಮಕ್ಕಳುಮರಿ ಸಮೇತ ಹೊರಟು ಪಶ್ಚಿಮ ಮಹಾರಾಷ್ಟ್ರದ, ನಮ್ಮ ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳ ಸುತ್ತ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ದುಡಿಯುವ ಜನ. ಮಾತೆಲ್ಲ ಮರಾಠಿ, ಕೆಳಗೆ ಕನ್ನಡ ಸಬ್‌ಟೈಟಲ್. ಆ ಕನ್ನಡ ಸಾಲುಗಳನ್ನು ಮೂರು ವಾರ ಕೂತು ಬರೆದವನು ನಾನೇ.

ಶುರುವಾದಾಗ ಇನ್ನೂರು ಜನ ಇದ್ದರು. ಇಪ್ಪತ್ತು ನಿಮಿಷದಲ್ಲಿ ಅರ್ಧ ಮೈದಾನ ಖಾಲಿಯಾಯಿತು. ನನಗೆ ಬಹಳ ನೋವಾಯಿತು. ನಮ್ಮ ಜನರಿಗೆ ಸಾಕ್ಷ್ಯಚಿತ್ರ ಹಿಡಿಸುವುದಿಲ್ಲ, ಬರುವ ವರ್ಷ ಕಥಾಚಿತ್ರ ಹಾಕೋಣ ಎಂದು ಹಬ್ಬದ ಸಮಿತಿಯ ಮುಂದೆ ಹೇಳಿಯೂಬಿಟ್ಟೆ.

ಆದರೆ ಎಡಮೂಲೆಯಲ್ಲಿ ಎಂಟೊಂಬತ್ತು ಹೆಂಗಸರು ಕೊನೆಯವರೆಗೂ ಕದಲಿರಲಿಲ್ಲ. ಅವರ ನಡುವೆ ಏಳನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯ ಕಿವಿಯ ಹತ್ತಿರ ಬಾಯಿಟ್ಟು ಪರದೆಯ ಮೇಲಿನ ಸಾಲುಗಳನ್ನು ಓದಿ ಹೇಳುತ್ತಿದ್ದಳು. ಪಕ್ಕದವರು ಸರಿದು ಸರಿದು ಹತ್ತಿರ ಬಂದಿದ್ದರು. ಅಜ್ಜಿ ನಡುನಡುವೆ ಅವಳ ಮೊಣಕೈ ತಟ್ಟಿ, "ಇನ್ನೊಮ್ಮೆ ಹೇಳು" ಎನ್ನುತ್ತಿದ್ದರು. ನಾನು ಅದನ್ನು ಪ್ರೊಜೆಕ್ಟರ್ ಪಕ್ಕದಲ್ಲಿ ನಿಂತು ನೋಡಿದ್ದೆ. ಮಕ್ಕಳ ಗಲಾಟೆ ಎಂದುಕೊಂಡು ಒಮ್ಮೆ "ಶ್" ಎಂದೂ ಅಂದಿದ್ದೆ. ಆ "ಶ್" ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮರುದಿನ ಬೆಳಿಗ್ಗೆ ಪರದೆ ಬಿಚ್ಚುವ ಮೊದಲು ಜಮಖಾನದ ಮೇಲೆ ಹಿಂದಿನ ಸಾಲಿನಲ್ಲಿ ಹೋಗಿ ಕೂತೆ. ಮುಂದೆ ನಾಲ್ಕೈದು ಹುಡುಗರನ್ನು ಕೂರಿಸಿದೆ. ಪರದೆಯ ಕೆಳಅಂಚು ನೆಲದಿಂದ ಮೂರೇ ಅಡಿ ಮೇಲಿತ್ತು. ನೆಲದ ಮೇಲೆ ಕೂತವರ ತಲೆಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ನಾನು ಮೂರು ವಾರ ಬೆವರು ಸುರಿಸಿ ಬರೆದ ಸಾಲುಗಳಲ್ಲಿ ಒಂದೂ ಅಲ್ಲಿಗೆ ಕಾಣುವಂತಿರಲಿಲ್ಲ. ಮುಂದೆ ಕೂತಿದ್ದ ಹಿರಿಯರಿಗೆ ಕಂಡರೂ, ನಾಲ್ಕೈದು ಸೆಕೆಂಡು ನಿಂತು ಮಾಯವಾಗುವ ಎರಡು ಸಾಲನ್ನು ಓದುವಷ್ಟು ರೂಢಿ ಎಷ್ಟು ಜನರಿಗಿತ್ತು? ಎದ್ದು ಹೋದವರು ಚಿತ್ರವನ್ನು ಬೇಡವೆಂದಿರಲಿಲ್ಲ. ಚಿತ್ರ ಅವರನ್ನು ಮುಟ್ಟಿಯೇ ಇರಲಿಲ್ಲ. ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ರಂಗಸಂಸ್ಥೆ ನೀನಾಸಮ್ 1970ರ ದಶಕದಲ್ಲಿಯೇ ಜಗತ್ತಿನ ಚಿತ್ರಗಳನ್ನು ಹಳ್ಳಿಯ ಜನರ ಮುಂದೆ ಇಟ್ಟಿತ್ತು. ಆ ನೆಲದಲ್ಲಿ ನಿಂತು ಜನರ ರುಚಿಯ ಬಗ್ಗೆ ನಾನು ಅಂಥ ಮಾತಾಡಿದ್ದೆ.

ಸಮಿತಿಯವರ ಬಳಿ ಹೋಗಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ಅದೇ ಚಿತ್ರವನ್ನು ಮರುವರ್ಷ ಇನ್ನೊಮ್ಮೆ ಹಾಕಲು ಬಿಡಿ ಎಂದು ಕೇಳಿಕೊಂಡೆ. ಬಿಟ್ಟರು.

ಪರದೆಯನ್ನು ಎತ್ತರಿಸುವುದು ಸುಲಭದ ಭಾಗ. ಕೆಳಅಂಚನ್ನು ಐದು ಅಡಿಗೆ ಏರಿಸಿ, ಗಾಳಿಗೆ ಹಾಯಿಯಂತೆ ಉಬ್ಬದಿರಲೆಂದು ನಾಲ್ಕೂ ಮೂಲೆಗೆ ಹಗ್ಗ ಬಿಗಿದೆವು. ಕಷ್ಟವಾದದ್ದು ಓದುವವರನ್ನು ಹುಡುಕುವುದು. ಮೈಕಿನಲ್ಲಿ ಸಾಲುಗಳನ್ನು ಓದಿಸಬೇಕೆಂದು ನಿರ್ಧರಿಸಿದ್ದೆ. ನಿರ್ದೇಶಕಿಯ ಒಪ್ಪಿಗೆಯೂ ಸಿಕ್ಕಿತ್ತು. ಮೊದಲು ಊರಿನ ತಾಳಮದ್ದಲೆಯ ಅರ್ಥಧಾರಿಯೊಬ್ಬರನ್ನು, ಎಂದರೆ ಕೂತು ಮಾತಿನಲ್ಲೇ ಪಾತ್ರ ಕಟ್ಟುವ ಕಲಾವಿದರೊಬ್ಬರನ್ನು, ಕೇಳಿದೆ. ಅದ್ಭುತ ಕಂಠ, ಅದ್ಭುತ ಮಾತುಗಾರಿಕೆ. ಆದರೆ ಅಭ್ಯಾಸಕ್ಕೆ ಕೂತಾಗ ಪರದೆಯ ಮೇಲಿನ ಹೆಂಗಸು ಒಂದು ಮಾತು ಆಡಿದರೆ ಇವರು ನಾಲ್ಕು ಆಡಿದರು. ಕಬ್ಬಿನ ಗದ್ದೆ ಕುರುಕ್ಷೇತ್ರವಾಯಿತು. ಕೇಳಲು ಸೊಗಸು, ಆದರೆ ಆ ಹೆಂಗಸು ಮರೆಯಾದಳು.

ಆಗ ನನಗೆ ನೆನಪಾದದ್ದು ಗಮಕ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಕುಮಾರವ್ಯಾಸ ಭಾರತದ ವಾಚನ ಕೇಳಿದ್ದೆ. ಅಲ್ಲಿ ವಾಚಕರು ಒಬ್ಬರು, ವ್ಯಾಖ್ಯಾನಕಾರರು ಇನ್ನೊಬ್ಬರು. ಓದುವವರು ಪದ್ಯವನ್ನು ಪದ್ಯವಾಗಿಯೇ ಕೇಳುಗರಿಗೆ ದಾಟಿಸುತ್ತಾರೆ. ಅರ್ಥ ಬಿಡಿಸುವ ಕೆಲಸ ಅವರದಲ್ಲ. ನಮಗೂ ಬೇಕಾದದ್ದು ವಾಚಕರು ಮಾತ್ರ. ವಿವರಣೆ ಚಿತ್ರ ಮುಗಿದ ಮೇಲೆ ಸಾಕು.

ಆ ಹುಡುಗಿಯ ಮನೆಗೇ ಹೋದೆ. ಈಗ ಎಂಟನೆಯ ತರಗತಿ. ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಟ್ಟೆ, ಮೂರು ಸಂಜೆ ಚಿತ್ರದೊಂದಿಗೆ ಓದಿಸಿದೆ. ಮರಾಠಿಯ ಮೊದಲ ಎರಡು ಪದ ಕೇಳಿದ ಮೇಲೆ ಇವಳು ಶುರು ಮಾಡಬೇಕು. ಇವಳ ದನಿ ಬಂದಾಗ ಮಿಕ್ಸರಿನಲ್ಲಿ ಚಿತ್ರದ ದನಿಯನ್ನು ನಾನು ತಗ್ಗಿಸಬೇಕು, ಪೂರ್ತಿ ಅಳಿಸಬಾರದು. ಮೂಲದವರ ಉಸಿರು, ಕೆಮ್ಮು, ಮಾತಿನ ತಡವರಿಕೆ ಕೇಳುತ್ತಲೇ ಇರಬೇಕು. ಯಾರಾದರೂ ಅಳುವಾಗ ಓದು ನಿಲ್ಲಬೇಕು. ಈ ಕೊನೆಯ ನಿಯಮ ಅವಳೇ ಮಾಡಿದ್ದು. "ಅಳುವಾಗ ಮಾತಾಡಿದರೆ ಕೆಟ್ಟದಾಗಿ ಕೇಳುತ್ತದೆ ಸರ್" ಎಂದಳು.

ಆ ರಾತ್ರಿ ಅಡಿಕೆ ಸುಲಿಯುವ ಕೆಲಸ ಬಿಟ್ಟು ಬಂದ ಹೆಂಗಸರೇ ಹೆಚ್ಚು. ಹಲವರ ಹೆಬ್ಬೆರಳಿಗೆ ಇನ್ನೂ ಬಟ್ಟೆಯ ಚೂರು ಸುತ್ತಿತ್ತು. ಚಿತ್ರದ ನಡುವೆ ಒಬ್ಬ ಮುಕಾದಮ, ಎಂದರೆ ಕೂಲಿಯವರನ್ನು ಕರೆತರುವ ಗುತ್ತಿಗೆದಾರ, ಲೆಕ್ಕ ಹೇಳುವ ದೃಶ್ಯವಿದೆ. ಕಬ್ಬು ಕಡಿಯುವ ಕತ್ತಿಗೆ ಮರಾಠಿಯಲ್ಲಿ ಕೋಯ್ತಾ ಎನ್ನುತ್ತಾರೆ. ದುಡಿಮೆಯ ಲೆಕ್ಕದಲ್ಲಿ ಒಂದು ಜೋಡಿಗೂ ಅದೇ ಹೆಸರು. ಹುಡುಗಿ ಓದಿದಳು: "ಗಂಡ ಹೆಂಡತಿ ಸೇರಿದರೆ ಒಂದು ಕೋಯ್ತಾ." ಮೈದಾನ ಒಮ್ಮೆ ಮೌನವಾಯಿತು. ಹಿಂದಿನ ವರ್ಷವೂ ಅದೇ ಸಾಲು ಅದೇ ಪರದೆಯ ಮೇಲೆ ಬಂದು ಹೋಗಿತ್ತು.

ಚಿತ್ರ ಮುಗಿದು ದೀಪ ಹಾಕಿದಾಗ ಎದ್ದು ಹೋದವರು ಬೆರಳೆಣಿಕೆಯಷ್ಟು. ಹೋದ ವರ್ಷ ಮೊಣಕೈ ತಟ್ಟಿದ್ದ ಅಜ್ಜಿ ಕೂತಲ್ಲಿಂದಲೇ ಕೇಳಿದರು: "ತಮ್ಮಾ, ಹಾಗಾದರೆ ಅವಳ ಕೂಲಿಯನ್ನು ಅವಳ ಕೈಗೆ ಕೊಡುವುದೇ ಇಲ್ಲವೇ?"

ನನಗೆ ಖಚಿತವಿರಲಿಲ್ಲ. ನಿರ್ದೇಶಕಿಗೆ ಫೋನ್ ಮಾಡಿ ಮೊಬೈಲನ್ನು ಮೈಕಿನ ಮುಂದೆ ಹಿಡಿದೆ. ಹೊರಡುವ ಮೊದಲೇ ಮುಂಗಡ ಹಣ ಕೊಡುತ್ತಾರೆ, ಅದನ್ನು ಪಡೆಯುವವನು ಸಾಮಾನ್ಯವಾಗಿ ಗಂಡ, ಇಬ್ಬರೂ ದುಡಿದು ಅದನ್ನು ತೀರಿಸುತ್ತಾರೆ ಎಂದು ಅವರು ವಿವರಿಸಿದರು. ಹುಡುಗಿ ಅದನ್ನೂ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು.

ಅಜ್ಜಿ ಪಕ್ಕದವರತ್ತ ತಿರುಗಿದರು. "ನಮಗೆ ಡಬ್ಬದ ಲೆಕ್ಕವಾದರೂ ಇದೆ" ಎಂದರು. ಆಮೇಲೆ ಯಾರ ಮನೆಯಲ್ಲಿ ಸುಲಿದ ಅಡಿಕೆಯ ಡಬ್ಬಕ್ಕೆ ಎಷ್ಟು ಕೊಡುತ್ತಾರೆ, ಯಾರು ಬಾಕಿ ಉಳಿಸಿಕೊಂಡಿದ್ದಾರೆ ಎಂಬ ಮಾತು ಶುರುವಾಯಿತು. ನಾನು ವಯರುಗಳನ್ನು ಸುತ್ತಿಟ್ಟು, ಅವರು ಏಳುವವರೆಗೆ ಜಮಖಾನ ತೆಗೆಯದೆ ಕಾದೆ.