ಲಿವರ್ ತಲುಪಿದರೆ ಸಾಕಾ?

14 ಮಾರ್ಚ್ 2024, ಗುರುವಾರ

ಬೆಳಗಿನ ಬ್ಯಾಚ್ ಹಾಳಾಯಿತು. ತಪ್ಪು ನನ್ನದೇ. ನೀರಿನ ಬಾತ್ 60 ಡಿಗ್ರಿ ಮುಟ್ಟುವ ಮೊದಲೇ ಲಿಪೊಸೋಮ್‌ಗಳನ್ನು, ಅಂದರೆ ಔಷಧಿ ತುಂಬುವ ಕೊಬ್ಬಿನ ಸೂಕ್ಷ್ಮ ಗುಳ್ಳೆಗಳನ್ನು, ಫಿಲ್ಟರ್ ಮೂಲಕ ಒತ್ತಲು ಹೊರಟೆ. ನಾವು ಬಳಸುವ ಲಿಪಿಡ್ (ಆ ಕೊಬ್ಬು) 50 ಡಿಗ್ರಿ ದಾಟದೆ ಮೆತ್ತಗಾಗುವುದಿಲ್ಲ. ಗಟ್ಟಿ ಮೇಣವನ್ನು ಜರಡಿ ಹಿಡಿದ ಹಾಗಾಯಿತು. ಫಿಲ್ಟರ್ ಹರಿಯಿತು. ಅಳೆದರೆ 100 ನ್ಯಾನೊಮೀಟರ್ ಇರಬೇಕಾದ ಗಾತ್ರ 240 ಬಂತು.

ಜೂನಿಯರ್ ಹುಡುಗಿ ನೋಡುತ್ತಾ ನಿಂತಿದ್ದಳು. 'ಅಕ್ಕಾ, ಹೇಗಿದ್ದರೂ ಇವು ಲಿವರ್‌ಗೇ ಹೋಗ್ತವಲ್ಲ? ನಮಗೆ ಬೇಕಾದದ್ದೂ ಲಿವರ್‌ನ ಕ್ಯಾನ್ಸರ್ ಗಡ್ಡೆಯೇ. ದೊಡ್ಡದಾದರೆ ಏನೀಗ?' ಅಂದಳು.

ಒಳ್ಳೆ ಪ್ರಶ್ನೆ. ಮೊದಲ ವರ್ಷ ನಾನೂ ಹೀಗೇ ಅಂದುಕೊಂಡಿದ್ದೆ. ರಕ್ತಕ್ಕೆ ಬಿಟ್ಟ ಲಿಪೊಸೋಮ್‌ಗಳಲ್ಲಿ ದೊಡ್ಡ ಪಾಲು ಲಿವರ್ ಮತ್ತು ಗುಲ್ಮಕ್ಕೆ ಹೋಗಿ ಸೇರುತ್ತದೆ, ನಿಜ. ಆದರೆ ಲಿವರ್‌ನಲ್ಲಿ ಅವನ್ನು ಹಿಡಿಯುವುದು ಗಡ್ಡೆಯಲ್ಲ, ಕುಫ್ಫರ್ ಕೋಶಗಳು. ರಕ್ತದಲ್ಲಿ ತೇಲಿ ಬರುವ ಕಸ, ಬ್ಯಾಕ್ಟೀರಿಯಾ ಎಲ್ಲವನ್ನೂ ನುಂಗುವ ಕಾವಲುಗಾರರು. ಲಿಪೊಸೋಮ್ ದೊಡ್ಡದಿದ್ದಷ್ಟೂ ಬೇಗ ನುಂಗುತ್ತವೆ. ಕರುಳಿನಿಂದ ಹರಡಿ ಬಂದ ಗಡ್ಡೆಯೊಳಗೆ ಈ ಕೋಶಗಳು ಕಡಿಮೆ. ಹಾಗಾಗಿ ಇಡೀ ಲಿವರ್ ಅಳೆದರೆ ಔಷಧಿ ಜಾಸ್ತಿ ಕಾಣುತ್ತದೆ, ಗಡ್ಡೆಯನ್ನು ಮಾತ್ರ ಕತ್ತರಿಸಿ ಅಳೆದರೆ ಮುಖ ಸಪ್ಪಗಾಗುತ್ತದೆ. ಇವತ್ತಿನ 240ರ ಬ್ಯಾಚ್ ಅಂತೂ ಕಾವಲುಗಾರರ ಹೊಟ್ಟೆಗೇ.

ರಕ್ತದ ದಾರಿಯೂ ಬೇರೆ. ಕರುಳಿನಿಂದ ಪೋರ್ಟಲ್ ರಕ್ತನಾಳ ನೇರ ಲಿವರ್‌ಗೆ ಬರುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಮೊದಲು ಲಿವರ್‌ಗೇ ಹರಡುವುದು ಅದಕ್ಕೇ. ಆರೋಗ್ಯವಾಗಿರುವ ಲಿವರ್ ತನ್ನ ರಕ್ತದ ಮುಕ್ಕಾಲು ಪಾಲನ್ನು ಆ ನಾಳದಿಂದಲೇ ಪಡೆಯುತ್ತದೆ. ಬೆಳೆದ ಗಡ್ಡೆ ಹಾಗಲ್ಲ, ಅದು ಹೀರುವುದು ಹೆಚ್ಚಾಗಿ ಹೆಪಾಟಿಕ್ ಅಪಧಮನಿಯಿಂದ. ಬಂದದ್ದು ಒಂದು ಬಾಗಿಲಿಂದ, ಊಟ ಇನ್ನೊಂದು ಬಾಗಿಲಿಂದ!

ಲಿಪೊಸೋಮ್ ಮೇಲೆ ಪೆಗ್ ಎಂಬ ಪಾಲಿಮರ್‌ನ ಪದರ ಹೊದಿಸುವುದು ಈ ಕಾವಲುಗಾರರ ಕಣ್ಣು ತಪ್ಪಿಸಲೆಂದೇ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಿ ತುಂಬಿದ, 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾಕ್ಸಿಲ್ ಹೀಗೆ ದಿನಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಬರೀ ಔಷಧಿ ಕೊಟ್ಟಾಗಿಗಿಂತ ಹೃದಯಕ್ಕೆ ಆಗುವ ಹಾನಿ ಕಡಿಮೆ, ಆದರೆ ಅಂಗೈ ಅಂಗಾಲು ಕೆಂಪಾಗಿ ಸುಲಿಯುವ ಕಾಟ ಅದರದ್ದೇ. ಮತ್ತೆ, ಗಡ್ಡೆಯ ಹತ್ತಿರ ಹೋದ ಮೇಲೂ ಔಷಧಿ ಹೊರಬರಬೇಕಲ್ವಾ? ಒಳಗೇ ಹರಳಾಗಿ ಕೂತರೆ ಏನು ಲಾಭ?

ಅದಕ್ಕೇ ನನಗೆ ಆಕ್ಸ್‌ಫರ್ಡ್‌ನ ಟಾರ್ಡಾಕ್ಸ್ ಪ್ರಯೋಗ ಇಷ್ಟ. ಬಿಸಿಯಾದರೆ ಸೋರುವ ಲಿಪೊಸೋಮ್ ಕೊಟ್ಟು, ಲಿವರ್ ಗಡ್ಡೆಯನ್ನು ಮಾತ್ರ ಹೊರಗಿನಿಂದ ಅಲ್ಟ್ರಾಸೌಂಡ್‌ನಲ್ಲಿ ಬೆಚ್ಚಗೆ ಮಾಡಿದರು. ಗಡ್ಡೆಯೊಳಗಿನ ಔಷಧಿ ಸರಾಸರಿ 3.7 ಪಟ್ಟು ಏರಿತು. ಬರೀ 10 ರೋಗಿಗಳು, ಆಯುಷ್ಯ ಹೆಚ್ಚಿತು ಎಂದು ತೋರಿಸುವ ಪ್ರಯೋಗವೂ ಅದಲ್ಲ. ಆದರೂ ಅವರು ಅಳೆದದ್ದು ಗಡ್ಡೆಯ ಚೂರನ್ನೇ. ಆ ಪ್ರಾಮಾಣಿಕತೆ ನನಗೆ ಬೇಕು.

ಹುಡುಗಿ ಎಲ್ಲ ಕೇಳಿ, 'ಹಾಗಾದ್ರೆ ಅವರಿಗೆ ಬೇಕಾದ ಬಿಸಿ ಅವರು ಕರೆಕ್ಟಾಗಿ ಕೊಟ್ಟಿದ್ದಾರೆ ಅಕ್ಕಾ' ಅಂತ ನನ್ನ ಬಾತ್ ಕಡೆ ನೋಡಿದಳು. ನಾಳೆ ಥರ್ಮಾಮೀಟರ್ ನೋಡುವ ಕೆಲಸ ಅವಳಿಗೇ.